ಬರಡು ಅಂದುಕೊಂಡ ನೆಲದ ಅಡಿಯಲ್ಲಿ: ನಮ್ಮ ಕಾಡು ಹೂಗೆಡ್ಡೆಗಳು

ಏಪ್ರಿಲ್ ತಿಂಗಳಲ್ಲಿ ಬಯಲುಸೀಮೆಯ ಯಾವುದಾದರೂ ಕಲ್ಲುಗುಡ್ಡ ಹತ್ತಿ ನೋಡಿ. ಹುಲ್ಲು ಪೂರ್ತಿ ಒಣಗಿರುತ್ತದೆ. ಬಂಡೆ ಮೇಲೆ ಕೈ ಇಡಲಾಗದಷ್ಟು ಬಿಸಿ. ಅಂಥ ಹೊತ್ತಿನಲ್ಲಿ ಎರಡು ಬಂಡೆಗಳ ಸಂದಿಯಿಂದ ಸಪೂರವಾದ ಒಂದು ಕಡ್ಡಿ ನೆಟ್ಟಗೆ ಎದ್ದು ನಿಂತಿರುತ್ತದೆ. ಬುಡದಲ್ಲಿ ಒಂದೂ ಎಲೆ ಇಲ್ಲ. ಮೇಲಕ್ಕೆ ಹೋದಂತೆ ಮಾಸಲು ಬಿಳಿಯ, ನಡುವೆ ಕಂದು ಗೆರೆಯಿರುವ ಹೂಗಳು, ಒಂದರಿಂದ ಒಂದು ದೂರ ದೂರ, ತಲೆ ತಗ್ಗಿಸಿಕೊಂಡು. ಹಗಲಲ್ಲಿ ಹೋದವರಿಗೆ ಕಾಣುವುದು ಮೊಗ್ಗು, ಇಲ್ಲವೇ ನಿನ್ನೆಯ ಬಾಡಿದ ಹೂ. ಇವು ಅರಳುವುದು ಸಂಜೆ ಕತ್ತಲಾಗುವ ಹೊತ್ತಿಗೆ.

ಇದು ಕಾಡು ಈರುಳ್ಳಿ. ಅಡವಿ ಈರುಳ್ಳಿ ಅಂತಲೂ ಕರೆಯುತ್ತಾರೆ. ವಿಜ್ಞಾನದ ಹೆಸರು ಡ್ರಿಮಿಯಾ ಇಂಡಿಕಾ. ಅಡುಗೆಮನೆಯ ಈರುಳ್ಳಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಇದರ ಗೆಡ್ಡೆ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳು ಅದರಲ್ಲಿವೆ. ಹಾಗಾಗಿ ದನ ಮುಟ್ಟುವುದಿಲ್ಲ.

ಮಳೆ ನಿಂತು ತಿಂಗಳುಗಳೇ ಕಳೆದಿವೆ. ನೆಲದಲ್ಲಿ ಹನಿ ನೀರಿಲ್ಲ. ಬಿಸಿಲು ಹಿಡಿಯಲು ಎಲೆಯೂ ಇಲ್ಲ. ಹಾಗಾದರೆ ಇಷ್ಟುದ್ದದ ಹೂಕಡ್ಡಿಯನ್ನು ಈ ಗಿಡ ಯಾವುದರಿಂದ ಕಟ್ಟಿತು? ಹೋದ ವರ್ಷದ ಮಳೆಯಿಂದ. ಜೂನ್‌ನಲ್ಲಿ ಇದಕ್ಕೆ ಎಲೆ ಬರುತ್ತದೆ. ಮಳೆಗಾಲ ಪೂರ್ತಿ ಆ ಎಲೆಗಳು ಬಿಸಿಲುಂಡು ಆಹಾರ ತಯಾರಿಸಿ ಗೆಡ್ಡೆಗೆ ಇಳಿಸುತ್ತವೆ. ಮಳೆ ಮುಗಿದು ನೆಲ ಒಣಗತೊಡಗಿದಾಗ ಎಲೆ ಹಳದಿಯಾಗಿ ಬಿದ್ದುಹೋಗುತ್ತದೆ. ಗೆಡ್ಡೆ ಮಾತ್ರ ಮಣ್ಣಿನೊಳಗೆ ಉಳಿಯುತ್ತದೆ. ಈ ಬೇಸಿಗೆಯ ಹೂವಿಗೆ ಖರ್ಚಾಗುತ್ತಿರುವುದು ಆ ಉಳಿತಾಯ.

ಎಲೆ ಬರುವ ಮೊದಲೇ ಹೂ ಬಿಡುವುದರಲ್ಲಿ ಲಾಭವೂ ಇದೆ. ಬೇಸಿಗೆಯಲ್ಲಿ ಹುಲ್ಲು ಕುಳ್ಳಗಿರುತ್ತದೆ, ಹೂವಿಗೆ ಮರೆ ಇಲ್ಲ. ಕಾಯಿ ಬಲಿತು ಒಡೆಯುವ ಹೊತ್ತಿಗೆ ಮುಂಗಾರಿನ ಗಾಳಿ ಶುರುವಾಗಿರುತ್ತದೆ. ಬೀಜಗಳು ಚಪ್ಪಟೆ, ಹಗುರ. ಗಾಳಿಗೆ ಹಾರಿ ಬಿದ್ದ ಕೆಲವೇ ದಿನಗಳಲ್ಲಿ ಮಳೆ ಸಿಗುತ್ತದೆ. ಮಳೆಗಾಲದ ಮಧ್ಯದಲ್ಲಿ ಹೂ ಬಿಟ್ಟಿದ್ದರೆ ಬೀಜ ಬೀಳುವುದು ಒಣಗುವ ನೆಲಕ್ಕೆ ಆಗುತ್ತಿತ್ತು.

ವರ್ಷದ ಹೆಚ್ಚು ಕಾಲ ನೆಲದಡಿಯಲ್ಲಿ ಕಾಣದಂತಿದ್ದು, ಕೆಲವೇ ತಿಂಗಳು ಮೇಲೆ ಬಂದು ಹೂ ಬಿಟ್ಟು ಮತ್ತೆ ಒಳಗೆ ಹೋಗುವ ಇಂಥ ಗಿಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಲ್ಲುಗುಡ್ಡ, ಕರಾವಳಿಯ ಮುರಕಲ್ಲಿನ ಪದವು, ಮಲೆನಾಡಿನ ಹುಲ್ಲುಬೆಟ್ಟ, ಹೊಳೆಯಂಚು, ಸಮುದ್ರದ ಮರಳು, ಹೀಗೆ ಒಂದೊಂದು ನೆಲಕ್ಕೆ ಒಂದೊಂದು ಬಗೆ. ಅವು ಬದುಕುವ ರೀತಿ ಅರ್ಥವಾದರೆ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ಅದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ: ನಾವು ಬರಡು, ಪಾಳು, ಖಾಲಿ ಅಂತ ಬರೆದಿಟ್ಟಿರುವ ಎಷ್ಟೋ ಜಾಗ ಖಾಲಿಯೇ ಅಲ್ಲ. ನಾವು ನೋಡಿದ ತಿಂಗಳು ತಪ್ಪು.

ಗೆಡ್ಡೆಯೊಳಗೆ ಏನಿದೆ?

ಒಂದು ಈರುಳ್ಳಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಕೆಳಗೆ ಬೇರು ಅಂಟಿಕೊಂಡಿರುವ ಗಟ್ಟಿಯಾದ ಚಿಕ್ಕ ಬಿಲ್ಲೆ ಕಾಣುತ್ತದೆ ನೋಡಿ, ಅಡುಗೆ ಮಾಡುವಾಗ ನಾವು ಕತ್ತರಿಸಿ ಬಿಸಾಡುವ ಭಾಗ. ಗಿಡದ ಕಾಂಡ ಅದೇ. ಅದರ ಮೇಲೆ ಸುತ್ತಿಕೊಂಡಿರುವ ಪದರಗಳೆಲ್ಲ ಎಲೆಯ ಬುಡಗಳು, ನೀರು ಮತ್ತು ಆಹಾರ ತುಂಬಿ ದಪ್ಪಗಾದವು. ನಟ್ಟನಡುವೆ ತಿಳಿಹಸಿರಿನ ಮೊಳಕೆ ಇರುತ್ತದೆ. ಕಾಡು ಈರುಳ್ಳಿಯ ರಚನೆಯೂ ಹೀಗೆಯೇ. ನಿಜವಾದ ಬಲ್ಬ್ ಅಂದರೆ ಇದು.

ಸುವರ್ಣಗೆಡ್ಡೆ ಅಥವಾ ಕೆಸುವಿನ ಗೆಡ್ಡೆ ಕತ್ತರಿಸಿದರೆ ಪದರಗಳೇ ಇರುವುದಿಲ್ಲ. ಒಳಗೆಲ್ಲ ಒಂದೇ ಸಮ ತಿರುಳು. ಅಲ್ಲಿ ದಪ್ಪಗಾಗಿರುವುದು ಎಲೆಯಲ್ಲ, ಕಾಂಡವೇ. ಅರಿಶಿನ, ಶುಂಠಿಯಲ್ಲಿ ಕಾಂಡ ಅಡ್ಡಡ್ಡ ಹಬ್ಬಿ ಬೆರಳಿನಂತೆ ಕವಲೊಡೆದಿರುತ್ತದೆ. ಸಿಹಿಗೆಣಸಿನಲ್ಲಿ ಬೇರು ಉಬ್ಬಿರುತ್ತದೆ. ದಾರಿ ಬೇರೆ ಬೇರೆ, ಕೆಲಸ ಒಂದೇ. ಕಷ್ಟದ ಕಾಲಕ್ಕೆ ಆಹಾರ ಕೂಡಿಡುವುದು, ಮುಂದಿನ ಮೊಳಕೆಯನ್ನು ಮಣ್ಣೊಳಗೆ ಕಾಪಾಡುವುದು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ರೌಂಕೇರ್ 20ನೇ ಶತಮಾನದ ಆರಂಭದಲ್ಲಿ ಗಿಡಗಳನ್ನು ವಿಂಗಡಿಸಲು ಈ ಒಂದೇ ಪ್ರಶ್ನೆ ಹಿಡಿದ: ಕೆಟ್ಟ ಕಾಲದಲ್ಲಿ ಗಿಡ ತನ್ನ ಮೊಗ್ಗನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಮರ ಎತ್ತರದ ಕೊಂಬೆಯಲ್ಲಿ ಇಟ್ಟುಕೊಳ್ಳುತ್ತದೆ. ಹುಲ್ಲು ನೆಲಮಟ್ಟದಲ್ಲಿ. ಇವು ನೆಲದೊಳಗೆ.

ಇಲ್ಲಿ ಒಂದು ಒಗಟಿದೆ. ಬೀಜ ಬಿದ್ದದ್ದು ನೆಲದ ಮೇಲೆ. ಮೊದಲ ವರ್ಷ ಮೊಳೆತಾಗ ಗೆಡ್ಡೆ ಕಡಲೆಕಾಳಿನಷ್ಟು, ಅದೂ ಮೇಲ್ಮಣ್ಣಿನಲ್ಲೇ. ಹಲವು ವರ್ಷ ಬಿಟ್ಟು ಅಗೆದರೆ ಅದೇ ಗೆಡ್ಡೆ ಗೇಣು ಆಳದಲ್ಲಿ ಸಿಗುತ್ತದೆ. ಕೆಳಗೆ ಹೋಗಿದ್ದು ಹೇಗೆ? ಬೇರು ಎಳೆದುಕೊಂಡು ಹೋಗಿದೆ. ಇಂಥ ಗಿಡಗಳಲ್ಲಿ ಕೆಲವು ಬೇರುಗಳು ಆಳಕ್ಕಿಳಿದು ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಮೇಲೆ ತಾವೇ ಉದ್ದದಲ್ಲಿ ಕುಗ್ಗುತ್ತವೆ. ಕುಗ್ಗಿದಷ್ಟೂ ಗೆಡ್ಡೆ ಕೆಳಗೆ ಜಾರುತ್ತದೆ. ಕೈತೋಟದಲ್ಲಿ ಲಿಲ್ಲಿ ಗಿಡ ಕಿತ್ತು ಬೇರೆ ಕಡೆ ನೆಡುವಾಗ ದಪ್ಪ ಬೇರುಗಳ ಬುಡ ಗಮನಿಸಿ. ಮೇಲ್ಭಾಗದಲ್ಲಿ ಉಂಗುರ ಉಂಗುರವಾಗಿ ಸುಕ್ಕು ಕಾಣುತ್ತದೆ. ಕುಗ್ಗಿದ ಗುರುತು ಅದು. ಬಿಸಿಲು ಮುಟ್ಟದ, ಬೆಂಕಿ ತಾಗದ ಆಳ ಸಿಗುವವರೆಗೆ ವರ್ಷ ವರ್ಷವೂ ಈ ಎಳೆತ ನಡೆಯುತ್ತದೆ.

ಮಳೆ ನಕ್ಷತ್ರದ ಲೆಕ್ಕ

ಟ್ಯೂಲಿಪ್, ಡ್ಯಾಫೋಡಿಲ್ ಮುಂತಾದ ಹೆಸರುವಾಸಿ ಬಲ್ಬ್‌ಗಳೆಲ್ಲ ಚಳಿ ದೇಶದವು. ಟ್ಯೂಲಿಪ್‌ನ ತವರು ಮಧ್ಯ ಏಷ್ಯಾದ ಬೆಟ್ಟಗಳು. ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ತಂಪು ಸಿಕ್ಕರೆ ಮಾತ್ರ ಅದರ ಮೊಗ್ಗು ಸರಿಯಾಗಿ ಎದ್ದು ಬರುತ್ತದೆ. ಶ್ರೀನಗರದಲ್ಲಿ ಎಕರೆಗಟ್ಟಲೆ ಅರಳುವ ಟ್ಯೂಲಿಪ್ ಬೆಂಗಳೂರಿನ ಬಾಲ್ಕನಿಯಲ್ಲಿ ಸೊರಗುವುದು ಅದಕ್ಕೇ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅಲ್ಲಿನ ನೂರಾರು ಬಗೆಯ ಗೆಡ್ಡೆಗಳು ಬೇಸಿಗೆಯಲ್ಲಿ ಮಲಗಿ ಚಳಿಗಾಲದಲ್ಲಿ ಏಳುತ್ತವೆ.

ನಮ್ಮವುಗಳಲ್ಲಿ ಹೆಚ್ಚಿನವು ಚಳಿಗಾಲ, ಬೇಸಿಗೆ ಎರಡರಲ್ಲೂ ಮಲಗಿರುತ್ತವೆ. ಎಬ್ಬಿಸುವುದು ಮಳೆ. ಹಾಗಾಗಿ ಇವುಗಳ ಸರದಿ ಹೇಳಲು ನಮ್ಮ ರೈತರ ಮಳೆ ನಕ್ಷತ್ರದ ಲೆಕ್ಕವೇ ಸರಿ ಹೊಂದುತ್ತದೆ.

ಭರಣಿ, ಕೃತ್ತಿಕಾ ಮಳೆಗಳು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಬೀಳುವ ಗುಡುಗು ಮಳೆಗಳು, ಮೊದಲ ತಂಡವನ್ನು ಎಬ್ಬಿಸುತ್ತವೆ. ಕಾಡಿನಂಚಿನಲ್ಲಿ ಕಾಡು ಅರಿಶಿನ ತಲೆ ಎತ್ತುತ್ತದೆ. ತುದಿಯಲ್ಲಿ ಗುಲಾಬಿ ಬಣ್ಣದ ಎಸಳು, ಕೆಳಗಿನ ಹಸಿರು ಬಟ್ಟಲುಗಳಲ್ಲಿ ಹಳದಿ ಹೂ. ಕಾಡು ಸುವರ್ಣಗೆಡ್ಡೆ ಎಲೆಗಿಂತ ಮೊದಲು ಹೂವನ್ನೇ ಕಳಿಸುತ್ತದೆ, ಕೊಳೆತ ಮಾಂಸದ ವಾಸನೆಯೊಂದಿಗೆ. ಅದಕ್ಕೆ ಬೇಕಾದವರು ಜೇನ್ನೊಣಗಳಲ್ಲ, ಕೊಳೆತದ್ದನ್ನು ಹುಡುಕಿ ಬರುವ ಜೀರುಂಡೆ ಮತ್ತು ನೊಣಗಳು. ಹೂ ಮುಗಿದ ಮೇಲೆ ಬರುವುದು ಒಂದೇ ಎಲೆ. ದಿಂಡಿನಂತೆ ಕಾಣುವುದು ಆ ಎಲೆಯ ತೊಟ್ಟು, ಛತ್ರಿಯಂತೆ ಹರಡಿದ್ದು ಅದರ ಸೀಳುಗಳು. ಹಳೆಯ ಗೆಡ್ಡೆ ಆ ವರ್ಷ ಪೂರ್ತಿ ಕರಗಿ, ಅದರ ನೆತ್ತಿಯಲ್ಲೇ ಹೊಸ ಗೆಡ್ಡೆ ಕಟ್ಟಿಕೊಳ್ಳುತ್ತದೆ.

ಇದೇ ಹೊತ್ತಿಗೆ ಬಯಲುಸೀಮೆಯ ಕುರುಚಲು ಕಾಡಿನಲ್ಲಿ, ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ ಲೆಡೆಬೂರಿಯಾ ಅನ್ನುವ ಪುಟ್ಟ ಗಿಡ ಹೊರಬರುತ್ತದೆ. ನೆಲಕ್ಕಂಟಿಕೊಂಡ ನಾಲ್ಕೈದು ಎಲೆಗಳು, ಅವುಗಳ ಮೇಲೆ ನೇರಳೆ ಮಚ್ಚೆಗಳು. ಹೂ ಎಷ್ಟು ಚಿಕ್ಕದೆಂದರೆ ಮಂಡಿಯೂರಿ ನೋಡಬೇಕು. ಹಸಿರು ಮತ್ತು ನೇರಳೆ ಬೆರೆತ, ಹಿಂದಕ್ಕೆ ಸುರುಳಿಯಾದ ಆರು ಎಸಳು, ನಡುವೆ ನೇರಳೆ ಕೇಸರದಂಡಗಳು. ಯಾರೂ ಇದರ ಫೋಟೊ ಹಾಕಿ ಸಂಭ್ರಮಿಸುವುದಿಲ್ಲ. ನನಗೆ ಮಾತ್ರ ಮುಂಗಾರು ಹತ್ತಿರ ಬಂತು ಅನ್ನಿಸುವುದು ಈ ಮಚ್ಚೆ ಎಲೆ ಕಂಡಾಗಲೇ.

ರೋಹಿಣಿ, ಮೃಗಶಿರ ಮಳೆಗೆ ಬಿಳಿ ಹೂಗಳ ಸರದಿ. ಪ್ಯಾಂಕ್ರೇಷಿಯಂ ಅನ್ನುವ ಕಾಡು ಲಿಲ್ಲಿಗಳು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳಿಬಿಡುತ್ತವೆ. ಇಷ್ಟು ಬೇಗ ಹೇಗೆ ಸಾಧ್ಯ ಅಂದರೆ, ಈ ಕುಟುಂಬದ ಗೆಡ್ಡೆಗಳಲ್ಲಿ ಹೂವಿನ ಮೊಗ್ಗು ಮೊದಲೇ ತಯಾರಾಗಿ ಒಳಗೆ ಕಾಯುತ್ತಿರುತ್ತದೆ. ನೆಲ ತಂಪಾಗಿ ತೇವ ತಾಗಿದ್ದೇ ತಡ, ದಂಟು ಉದ್ದವಾಗುವುದಷ್ಟೇ ಬಾಕಿ. ಹೂವಿನ ನಡುವೆ ತೆಳುವಾದ ಬಟ್ಟಲೊಂದಿದೆ. ಆರು ಕೇಸರಗಳ ಬುಡ ಒಂದಕ್ಕೊಂದು ಬೆಸೆದು ಆದ ಬಟ್ಟಲು ಅದು. ಸಂಜೆ ಮೇಲೆ ಸುವಾಸನೆ ಜಾಸ್ತಿ. ರಾತ್ರಿ ಹಾರುವ ಪತಂಗಗಳಿಗೆ ಅದು ಕರೆ.

ಪದವು ಎಂಬ ಲೋಕ

ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಜನಕ್ಕೆ ಪದವು ಅಂದರೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ನೆತ್ತಿ, ಚಪ್ಪಟೆಯಾಗಿ ಹರಡಿದ ಕಪ್ಪು ಕೆಂಪು ಕಲ್ಲಿನ ಬಯಲು. ಮರ ಇಲ್ಲ. ಬೇಸಿಗೆಯಲ್ಲಿ ಬರಿಗಾಲಲ್ಲಿ ನಡೆಯಲಾಗುವುದಿಲ್ಲ. ಮಂಗಳೂರಿನ ವಿಮಾನ ನಿಲ್ದಾಣ ಇರುವುದೂ ಇಂಥದ್ದೇ ಗುಡ್ಡದ ನೆತ್ತಿಯಲ್ಲಿ.

ಈ ಕಲ್ಲು ಹುಟ್ಟಿದ್ದೇ ಮಳೆಯಿಂದ. ಲಕ್ಷಾಂತರ ವರ್ಷ ಸುರಿದ ಮಳೆ ಮೂಲ ಬಂಡೆಯಲ್ಲಿದ್ದ ಸಿಲಿಕಾ ಮತ್ತಿತರ ಲವಣಗಳನ್ನು ತೊಳೆದು ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಅಗೆಯುವಾಗ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಮನೆಗಳನ್ನೆಲ್ಲ ಕಟ್ಟಿದ್ದು ಈ ಮುರಕಲ್ಲಿನಲ್ಲೇ. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಇಂದು ಜಗತ್ತಿನಾದ್ಯಂತ ಭೂವಿಜ್ಞಾನಿಗಳು ಬಳಸುವ ಹೆಸರು ಅದು.

ಮಳೆಗಾಲದಲ್ಲಿ ಪದವು ನೀರು ತುಂಬಿದ ಹರಿವಾಣ, ಬೇಸಿಗೆಯಲ್ಲಿ ಕಾದ ಕಾವಲಿ. ಮಣ್ಣು ಕೆಲವು ಕಡೆ ಬೆರಳಿನಷ್ಟು, ಕೆಲವು ಕಡೆ ಕಲ್ಲಿನ ಗುಂಡಿಗಳಲ್ಲಿ ಗೇಣಿನಷ್ಟು. ಮರಕ್ಕೆ ಬೇರು ಬಿಡಲು ಜಾಗವಿಲ್ಲ. ನಾಲ್ಕು ತಿಂಗಳು ನೀರಲ್ಲಿ ನಿಂತು ಎಂಟು ತಿಂಗಳು ಬೇಯುವುದು ಸಾಮಾನ್ಯ ಗಿಡದ ಕೈಲಾಗುವ ಕೆಲಸವಲ್ಲ. ಇಲ್ಲಿ ಬದುಕಲು ಮುಖ್ಯವಾಗಿ ಎರಡು ದಾರಿ. ಒಂದೇ ಮಳೆಗಾಲದಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಸಾಯುವುದು. ಇಲ್ಲವೇ ಗೆಡ್ಡೆ ಕಟ್ಟುವುದು. ನೀರು ನಿಂತ ಮಣ್ಣಿನಲ್ಲಿ ಸಾರ ಕಡಿಮೆ, ಹಾಗಾಗಿ ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಇಲ್ಲಿವೆ.

ಇಂಥ ನೆಲಗಳು ಗೋವಾ ದಾಟಿ ಮಹಾರಾಷ್ಟ್ರದ ಕೊಂಕಣದವರೆಗೂ ಹರಡಿವೆ. ರತ್ನಾಗಿರಿ ಕಡೆಯ ಕರಾವಳಿ ಕಲ್ಲುಬಯಲಿನಲ್ಲಿ ಡಿಪ್‌ಕಾಡಿ ಕೊಂಕಣೆನ್ಸೆ ಅನ್ನುವ ಬಿಳಿ ಹೂವಿನ ಬಲ್ಬ್ ಇದೆ. ಘಟ್ಟದ ಮೇಲೆ, ಸತಾರಾ ಹತ್ತಿರ ಸುಮಾರು 1,200 ಮೀಟರ್ ಎತ್ತರದ ಕಾಸ್ ಪ್ರಸ್ಥಭೂಮಿಯ ಹೆಸರು ನೀವು ಕೇಳಿರಬಹುದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಅಲ್ಲಿ ನೀರು ನಿಲ್ಲುವ ತಗ್ಗುಗಳಲ್ಲಿ ಅಪೊನೊಗೆಟನ್ ಸತಾರೆನ್ಸಿಸ್ ಅನ್ನುವ ಗೆಡ್ಡೆಗಿಡ ಬೆಳೆಯುತ್ತದೆ. ಹೂವಿನ ತೆನೆ ತುದಿಯಲ್ಲಿ ಎರಡಾಗಿ ಕವಲೊಡೆದಿರುವುದರಿಂದ ಗುರುತಿಸುವುದು ಸುಲಭ. ಸೆಪ್ಟೆಂಬರ್‌ನಲ್ಲಿ ಕಾಸ್ ನೋಡಲು ಜನ ಸಾಲುಗಟ್ಟುತ್ತಾರೆ. ನಮ್ಮ ಕರಾವಳಿಯ ಪದವುಗಳಿಗೆ ಆ ಭಾಗ್ಯ ಬಂದಿಲ್ಲ. ಅವು ಊರಿನ ಹತ್ತಿರ ಇವೆ, ತಗ್ಗಿನಲ್ಲಿವೆ, ಮತ್ತು ಅವುಗಳ ಕಲ್ಲಿಗೆ ಬೆಲೆ ಇದೆ.

ಹುಲ್ಲುಬೆಟ್ಟ ಮತ್ತು ನೀರಿನಂಚು

ಕುದುರೆಮುಖ, ಬಾಬಾಬುಡನ್‌ಗಿರಿಯ ಹುಲ್ಲುಬೆಟ್ಟಗಳಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಮಳೆ ಅತಿಯಾಗಿ ಸುರಿಯುತ್ತದೆ, ಗಾಳಿ ಬಲವಾಗಿ ಬೀಸುತ್ತದೆ, ಒಣಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಬೆಂಕಿ ಹುಲ್ಲಿನ ಮೇಲೆ ಬೇಗ ಓಡಿಹೋಗುತ್ತದೆ, ಕೆಲವು ಅಂಗುಲ ಕೆಳಗಿನ ಮಣ್ಣಿಗೆ ಕಾವು ಹೆಚ್ಚು ಇಳಿಯುವುದಿಲ್ಲ. ಗೆಡ್ಡೆ ಉಳಿದುಕೊಳ್ಳುತ್ತದೆ.

ಇಲ್ಲಿ ಶ್ರಾವಣದ ಹೊತ್ತಿಗೆ ಹುಲ್ಲಿನ ನಡುವೆ ಹಬೆನೇರಿಯಾ ಜಾತಿಯ ನೆಲದ ಆರ್ಕಿಡ್‌ಗಳು ಬಿಳಿಯಾಗಿ, ಹಸಿರಾಗಿ ಎದ್ದಿರುತ್ತವೆ. ಇವುಗಳ ಬುಡದಲ್ಲಿ ಸಾಮಾನ್ಯವಾಗಿ ಎರಡು ಗೆಡ್ಡೆ. ಒಂದು ಸುಕ್ಕುಗಟ್ಟಿದ್ದು, ಹೋದ ವರ್ಷದ್ದು. ಈ ವರ್ಷದ ಹೂವಿಗಾಗಿ ಕರಗುತ್ತಿದೆ. ಇನ್ನೊಂದು ತುಂಬಿಕೊಂಡು ಗಟ್ಟಿಯಾಗಿದೆ, ಮುಂದಿನ ವರ್ಷಕ್ಕೆ. ಅಕಸ್ಮಾತ್ ಎಲೆ ಇರುವಾಗಲೇ ಕಿತ್ತರೆ ಎರಡು ವರ್ಷದ ಬದುಕು ಒಟ್ಟಿಗೆ ಹೋಗುತ್ತದೆ.

ಪಕ್ಕದ ಕಣಿವೆಗಳಲ್ಲಿರುವ ಶೋಲಾ ಕಾಡಿನ ನೆರಳಲ್ಲಿ ಹಾವಿನ ಹೆಡೆಯಾಕಾರದ ಹೂವಿನ ಅರಿಸೀಮಾ ಇರುತ್ತದೆ. ಇದರ ಹಲವು ಜಾತಿಗಳಲ್ಲಿ ಗಿಡ ಗಂಡೋ ಹೆಣ್ಣೋ ಅನ್ನುವುದನ್ನು ನಿರ್ಧರಿಸುವುದು ಗೆಡ್ಡೆಯಲ್ಲಿರುವ ಆಹಾರ. ಗೆಡ್ಡೆ ಚಿಕ್ಕದಿದ್ದರೆ ಗಂಡು ಹೂ, ಪರಾಗ ಕೊಟ್ಟರಾಯಿತು. ವರ್ಷಗಳು ಕಳೆದು ಗೆಡ್ಡೆ ದಪ್ಪವಾದರೆ ಅದೇ ಗಿಡ ಹೆಣ್ಣು ಹೂ ಬಿಟ್ಟು ಹಣ್ಣು ಕಟ್ಟುತ್ತದೆ. ಒಂದು ವರ್ಷ ಹಣ್ಣು ಕೊಟ್ಟು ಸೊರಗಿದರೆ ಮರುವರ್ಷ ಮತ್ತೆ ಗಂಡಾಗಬಹುದು. ಹಣ್ಣು ಕಟ್ಟಲು ಎಷ್ಟು ಶಕ್ತಿ ಬೇಕು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ.

ನೀರಿನಂಚಿಗೆ ಬಂದರೆ ಕ್ರೈನಂ ಲಿಲ್ಲಿಗಳದ್ದೇ ರಾಜ್ಯ. ಪಾರ್ಕುಗಳಲ್ಲಿ, ರಸ್ತೆ ನಡುವಿನ ಪಟ್ಟಿಯಲ್ಲಿ ಅಗಲ ಎಲೆಯ, ಉದ್ದ ಬಿಳಿ ಎಸಳಿನ ಗಿಡ ನೋಡಿರುತ್ತೀರಿ. ಅದು ಕ್ರೈನಂ ಏಷಿಯಾಟಿಕಂ, ಮೂಲದಲ್ಲಿ ಸಮುದ್ರ ತೀರದ್ದು. ಅದರ ಬೀಜ ದಪ್ಪ, ತೂಕ ಕಡಿಮೆ, ನೀರಿನಲ್ಲಿ ತೇಲುತ್ತದೆ. ಒಳಗೆ ಸಾಕಷ್ಟು ನೀರು ಇರುವುದರಿಂದ ಬರಿ ನೆಲದ ಮೇಲೆ ಇಟ್ಟರೂ ಮೊಳೆಯುತ್ತದೆ. ಹೊಳೆಯಂಚಿನ ಕೆಸರಿನಲ್ಲಿ ಬೆಳೆಯುವ ಕ್ರೈನಂ ವೈವಿಪ್ಯಾರಂ ಬೇರೆ, ಎಲೆ ಕಿರಿದು, ಹೂ ಸಂಜೆಗೆ ಘಮ್ಮೆನ್ನುತ್ತದೆ.

ಇವೆಲ್ಲಕ್ಕಿಂತ ಅಚ್ಚರಿಯದ್ದು ಕ್ರೈನಂ ಮಲಬಾರಿಕಂ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಮನೋಜ್ ಲೇಖಕ್ ಮತ್ತು ಶ್ರೀರಂಗ ಯಾದವ್ 2012ರಲ್ಲಿ ಇದನ್ನು ಹೊಸ ಜಾತಿ ಅಂತ ಜಗತ್ತಿಗೆ ಪರಿಚಯಿಸಿದರು. ಸಿಕ್ಕಿದ್ದು ಕಾಸರಗೋಡು ಜಿಲ್ಲೆಯ ಪೆರಿಯದ ಒಂದು ತೊರೆಯಲ್ಲಿ. ಗೆಡ್ಡೆ ನೀರಡಿಯಲ್ಲಿ ಬೇರೂರಿರುತ್ತದೆ, ಎಲೆಗಳು ಹರಿವಿನ ಜೊತೆ ಉದ್ದಕ್ಕೆ ಬಳುಕುತ್ತವೆ, ಹೂ ಮಾತ್ರ ನೀರಿನ ಮೇಲೆ ಬರುತ್ತದೆ. ಯೋಚಿಸಿ ನೋಡಿ: ಇಷ್ಟು ದೊಡ್ಡ ಹೂವಿನ ಗಿಡ, ಜನವಸತಿ ಇರುವ ಊರಿನ ತೊರೆಯಲ್ಲಿ, 2012ರವರೆಗೆ ವಿಜ್ಞಾನದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಗೌರಿ ಹೂ

ಭಾದ್ರಪದ ಬಂತೆಂದರೆ ಮಲೆನಾಡಿನ ಬೇಲಿಗಳಲ್ಲಿ ಗೌರಿ ಹೂ ಅರಳುತ್ತದೆ. ಗೌರಿ ಹಬ್ಬದ ಪೂಜೆಗೆ ಬೇಲಿಯಿಂದ ಕಿತ್ತು ತರುವ ಹೂ ಇದು. ಅಗ್ನಿಶಿಖೆ, ಕೋಳಿಕುಟುಮ ಅಂತಲೂ ಹೆಸರುಗಳಿವೆ. ತಮಿಳುನಾಡಿನ ರಾಜ್ಯಪುಷ್ಪ, ಜಿಂಬಾಬ್ವೆಯ ರಾಷ್ಟ್ರಪುಷ್ಪ.

ಹತ್ತಿರದಿಂದ ನೋಡಿದರೆ ಇದರ ಒಂದೊಂದು ಭಾಗಕ್ಕೂ ಒಂದೊಂದು ಜಾಣತನ. ಬಳ್ಳಿ ಹತ್ತಲು ಬೇರೆ ಕುಡಿ ಇಲ್ಲ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುತ್ತದೆ. ಹೂ ಅರಳುವಾಗ ಹಸಿರು ಹಳದಿ, ದಿನ ಕಳೆದಂತೆ ಕಿತ್ತಳೆ, ಕೊನೆಗೆ ಕಡುಗೆಂಪು. ಆರು ಎಸಳುಗಳೂ ಅಂಚು ಅಲೆಅಲೆಯಾಗಿ ಹಿಂದಕ್ಕೆ, ಮೇಲಕ್ಕೆ ಬಾಗಿರುತ್ತವೆ. ಕೇಸರಗಳು ಸುತ್ತ ಚಾಚಿಕೊಂಡಿರುತ್ತವೆ. ಹೆಣ್ಣು ಭಾಗದ ಕಡ್ಡಿ ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ಬಾಗಿ ಅಡ್ಡ ನಿಂತಿರುತ್ತದೆ. ಮಕರಂದಕ್ಕೆ ಬಂದ ಚಿಟ್ಟೆಯ ರೆಕ್ಕೆಗೆ ಪರಾಗ ತಾಗಬೇಕು, ಇನ್ನೊಂದು ಹೂವಿನಲ್ಲಿ ಆ ರೆಕ್ಕೆ ಈ ಅಡ್ಡಕಡ್ಡಿಗೆ ತಾಗಬೇಕು. ಚಾಚಿಕೊಂಡಿರುವುದು ಅದಕ್ಕೆ.

ಮಣ್ಣೊಳಗಿನ ಗೆಡ್ಡೆ ನೇಗಿಲಿನ ಹಾಗೆ ಎರಡು ತೋಳಾಗಿ ಬಾಗಿರುತ್ತದೆ. ಮೊಳಕೆ ಬರುವುದು ತೋಳಿನ ತುದಿಯಲ್ಲಿ ಮಾತ್ರ. ಆ ತುದಿ ಮುರಿದರೆ ಉಳಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. ಮನೆಯಲ್ಲಿ ಬೆಳೆಸಬೇಕೆಂದು ಸುಮ್ನೆ ಬೇಲಿಯಿಂದ ಎಳೆದು ಕಿತ್ತವರ ಗಿಡ ಬದುಕದಿರಲು ಬಹಳ ಸಲ ಇದೇ ಕಾರಣ.

ಇದರ ಬೇರಿನಿಂದ ಬೀಜದವರೆಗೆ ಎಲ್ಲವೂ ವಿಷ. ಅದರಲ್ಲಿರುವ ಕಾಲ್ಚಿಸಿನ್ ಅನ್ನುವ ರಾಸಾಯನಿಕ, ಜೀವಕೋಶ ಎರಡಾಗಿ ಒಡೆಯುವುದನ್ನೇ ತಡೆಯುತ್ತದೆ. ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ. ಮೊದಲು ವಾಂತಿ ಭೇದಿ, ಆಮೇಲೆ ಒಂದೊಂದಾಗಿ ಅಂಗಾಂಗ ಸೋಲುತ್ತವೆ, ಬದುಕಿ ಉಳಿದವರ ಕೂದಲು ಉದುರುತ್ತದೆ. ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಇದನ್ನು ಬೆಳೆಸುವುದಾದರೆ ತುಂಬಾ ಎಚ್ಚರ ಬೇಕು. ಅದೇ ಕಾಲ್ಚಿಸಿನ್ ಅಳತೆ ಮೀರದಂತೆ ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಔಷಧ. ತಳಿವಿಜ್ಞಾನಿಗಳು ಗಿಡಗಳ ವರ್ಣತಂತುಗಳನ್ನು ದ್ವಿಗುಣಗೊಳಿಸಲು ಬಳಸುವುದೂ ಇದನ್ನೇ. ಬೀಜವಿಲ್ಲದ ಕಲ್ಲಂಗಡಿ ಬಂದದ್ದು ಆ ದಾರಿಯಿಂದ. ತಮಿಳುನಾಡಿನ ರೈತರು ಚಪ್ಪರ ಹಾಕಿ, ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ, ಬೀಜಕ್ಕಾಗಿ ಗೌರಿ ಹೂವನ್ನು ಬೆಳೆ ತೆಗೆಯುತ್ತಾರೆ.

ಗೌರಿ ಹೂ ಆಫ್ರಿಕಾದಲ್ಲೂ ಇದೆ ಅಂದೆ ಅಲ್ವಾ. ಡ್ರಿಮಿಯಾ, ಲೆಡೆಬೂರಿಯಾ, ಡಿಪ್‌ಕಾಡಿ, ಕ್ರೈನಂ, ಪ್ಯಾಂಕ್ರೇಷಿಯಂ ಎಲ್ಲಕ್ಕೂ ಅಲ್ಲಿ ಬಳಗವಿದೆ. ಉದ್ದನೆಯ ಒಣಗಾಲ, ಗೊತ್ತಾದ ಕಾಲಕ್ಕೆ ಬರುವ ಮಳೆ, ನಡುನಡುವೆ ಬೆಂಕಿ, ಮರ ಕಡಿಮೆ ಇರುವ ಹುಲ್ಲುನೆಲ. ಎರಡೂ ಕಡೆಯ ನೆಲದ ಸ್ವಭಾವ ಒಂದೇ. ನಮ್ಮ ದಖ್ಖನ್ ಕಾಡು ಕಡಿದು ಬರಡಾದ ಜಾಗ ಅನ್ನುವ ನಂಬಿಕೆ ಎಲ್ಲ ಕಡೆಗೂ ಸರಿಯಲ್ಲ ಎಂಬುದಕ್ಕೆ ಈ ಗೆಡ್ಡೆಗಳೂ ಸಾಕ್ಷಿ. ಇಲ್ಲಿನ ಬಹಳಷ್ಟು ಹುಲ್ಲುಗಾವಲು ತುಂಬಾ ಹಳೆಯ ಕಾಲದ್ದು.

ಮತ್ತೆ ನಾವು ಮನೆ ಮುಂದೆ ಬೆಳೆಸುವ ಗೆಡ್ಡೆಗಳಲ್ಲಿ ಹೆಚ್ಚಿನವು ಹೊರಗಿನವು. ಸುಗಂಧರಾಜ ಮೆಕ್ಸಿಕೊದಿಂದ ಬಂದದ್ದು, ಮಳೆ ಲಿಲ್ಲಿಗಳು ಅಮೆರಿಕ ಖಂಡಗಳಿಂದ, ಮೇ ತಿಂಗಳಲ್ಲಿ ಕೆಂಪು ಚೆಂಡಾಗಿ ಅರಳುವ ಫುಟ್‌ಬಾಲ್ ಲಿಲ್ಲಿ ಆಫ್ರಿಕಾದಿಂದ. ಅವುಗಳ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಇಲ್ಲಿಯದೇ ಹೂಗಳ ಹೆಸರು ಗೊತ್ತಿಲ್ಲದೇ ಹೋಗುವುದು ದುಃಖದ ಸಂಗತಿ.

ತಪ್ಪು ತಿಂಗಳಲ್ಲಿ ನೋಡಿದರೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಾರದ ಭಾರತದ ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ಪೊದೆಯ ನೆಲ, ಬರಿ ಕಲ್ಲಿನ ನೆಲ ಎರಡೂ ಪಾಳುಭೂಮಿಯ ವಿಭಾಗಗಳು. ಪಾಳು ಅಂತ ಬರೆದ ಮೇಲೆ ಅದನ್ನು ಉಪಯೋಗಕ್ಕೆ ತರಬೇಕು ಅನ್ನಿಸುವುದು ಸಹಜ. ಪದವಿನ ಮೇಲೆ ಅಕೇಶಿಯಾ ನೆಡುತೋಪು ಬರುತ್ತದೆ. ಹುಲ್ಲುಗಾವಲಿಗೆ ನೀಲಗಿರಿ ಬರುತ್ತದೆ. ಮುರಕಲ್ಲಿನ ಕೋರೆ ಬಂದರಂತೂ ಯಂತ್ರ ಆಳಾಳಕ್ಕೆ ಇಳಿಯುತ್ತದೆ, ತೆಳುಮಣ್ಣಿನ ಜೊತೆ ಅದರೊಳಗಿನ ಗೆಡ್ಡೆಗಳೆಲ್ಲ ಒಂದೇ ದಿನಕ್ಕೆ ಹೋಗುತ್ತವೆ. ಬೀಜದಿಂದ ಹುಟ್ಟಿದ ಗೌರಿ ಹೂವಿಗೆ ಹೂ ಬಿಡಲು ಮೂರ್ನಾಲ್ಕು ವರ್ಷ ಬೇಕು. ಅಂಥ ಗಿಡಗಳ ನೆಲೆಯನ್ನು ಮತ್ತೆ ಕಟ್ಟುವುದು ಸುಲಭವಲ್ಲ.

ಯೋಜನೆಗೆ ಮೊದಲು ಪರಿಸರದ ಸಮೀಕ್ಷೆ ನಡೆಯುವುದಿಲ್ಲವೇ ಅಂತ ಕೇಳಬಹುದು. ನಡೆಯುತ್ತದೆ. ಗಣಿ ಯೋಜನೆಗಳಿಗೆ ಕೇಂದ್ರ ಪರಿಸರ ಸಚಿವಾಲಯ ಕೊಡುವ ಮಾದರಿ ಷರತ್ತುಗಳಲ್ಲಿ ಹೀಗಿದೆ: ಗಾಳಿ, ನೀರು, ಶಬ್ದ, ಮಣ್ಣು, ಸಸ್ಯ ಮತ್ತು ಪ್ರಾಣಿಗಳ ಬಗ್ಗೆ ಒಂದು ಋತುವಿನ ಮಾಹಿತಿ ಸಂಗ್ರಹಿಸಬೇಕು, ಅದು ಮಳೆಗಾಲ ಅಲ್ಲದ ಋತು ಆಗಿರಬೇಕು. ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್ ಅಥವಾ ಡಿಸೆಂಬರ್‌ನಿಂದ ಫೆಬ್ರವರಿ. ಗಾಳಿಯ ಧೂಳು ಅಳೆಯಲು ಈ ನಿಯಮ ಸರಿ. ಮಳೆಯಲ್ಲಿ ಧೂಳು ತೊಳೆದುಹೋಗಿ ಲೆಕ್ಕ ತಪ್ಪುತ್ತದೆ. ಆದರೆ ಸಸ್ಯಗಳಿಗೂ ಅದೇ ಅಳತೆಗೋಲು ಹಿಡಿದರೆ? ಪದವಿನ ಮೇಲೆ ಫೆಬ್ರವರಿಯಲ್ಲಿ ಓಡಾಡಿ ಬರೆದ ಪಟ್ಟಿಯಲ್ಲಿ ಗೆಡ್ಡೆಗಿಡಗಳು ಹೇಗೆ ಬರಲು ಸಾಧ್ಯ? ಬರೆದವರು ಸುಳ್ಳು ಬರೆದಿಲ್ಲ. ಅವರು ಹೋದಾಗ ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಇದು ಬದಲಾಗಲೇಬೇಕಾದ ನಿಯಮ.

ಕಾಪಾಡುತ್ತೇವೆ ಅಂದುಕೊಂಡು ಮಾಡುವ ಕೆಲಸವೂ ಕೆಲವೊಮ್ಮೆ ಇವಕ್ಕೆ ಮುಳುವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಜೋರಾಗುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಅನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಎಂಬ ಪೊದೆಕಳೆ ಕಾಡನ್ನೆಲ್ಲ ಮುಚ್ಚಿಕೊಂಡಿತು ಅನ್ನುವುದು ಸೋಲಿಗರ ಮಾತು. ಲಂಟಾನ ಮುಚ್ಚಿದ ಕಡೆ ಬೆಳಕಿಲ್ಲ, ಹುಲ್ಲಿಲ್ಲ, ಗೆಡ್ಡೆಗೆ ಎಲೆ ಬಿಡಲು ಜಾಗವಿಲ್ಲ. ಹಾಗಂತ ಎಲ್ಲೆಡೆ ಬೆಂಕಿ ಹಾಕಿ ಅಂತ ನಾನು ಹೇಳುತ್ತಿಲ್ಲ. ನಡುಬೇಸಿಗೆಯ ದೊಡ್ಡ ಕಾಡ್ಗಿಚ್ಚೇ ಬೇರೆ, ಇದೇ ಬೇರೆ. ಮೇಯುವಿಕೆಯ ವಿಷಯದಲ್ಲೂ ಹಾಗೇ. ದನ ಅತಿಯಾದರೆ ನೆಲ ಹಾಳು, ಪೂರ್ತಿ ನಿಂತರೆ ಹುಲ್ಲು ಆಳೆತ್ತರ ಬೆಳೆದು ಪುಟ್ಟ ಗಿಡಗಳಿಗೆ ಬಿಸಿಲು ತಪ್ಪುತ್ತದೆ. ಒಂದೊಂದು ನೆಲಕ್ಕೂ ಅದರದೇ ಹದ ಇದೆ. ಆ ಹದ ಜಾಸ್ತಿ ಗೊತ್ತಿರುವುದು ಅಲ್ಲೇ ದನ ಕಾಯ್ದವರಿಗೆ, ಕಾಡಿನಲ್ಲೇ ಬದುಕಿದವರಿಗೆ.

ನಿಮ್ಮೂರಿನ ಗುಡ್ಡದಲ್ಲಿ, ಪದವಿನಲ್ಲಿ ಇಂಥ ಗಿಡ ಇದ್ದರೆ ಅಗೆದು ಮನೆಗೆ ತರಬೇಡಿ. ಬೀಜ ಬಲಿತಾಗ ನಾಲ್ಕು ತಂದರೆ ಸಾಕು. ಅದಕ್ಕಿಂತ ಹೆಚ್ಚು ಉಪಯೋಗದ ಕೆಲಸ ದಾಖಲೆ. ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜನರ ನೆರವಿನಿಂದ ಜೀವವೈವಿಧ್ಯ ದಾಖಲಾತಿ ಪುಸ್ತಕ ಬರೆಸಬೇಕು. ಆ ಪುಸ್ತಕದಲ್ಲಿ ನಿಮ್ಮ ಗುಡ್ಡದ ಗೆಡ್ಡೆಗಳು ಇವೆಯೇ ಕೇಳಿ. ಇಲ್ಲದಿದ್ದರೆ ಫೋಟೊ, ಜಾಗ, ತಾರೀಖು ಕೊಟ್ಟು ಸೇರಿಸಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಹೆಸರು ಗುರುತಿಸಲು ತಿಳಿದವರು ನೆರವಾಗುತ್ತಾರೆ. ನೋಡಲು ಹೋಗುವುದು ಒಂದು ಸಲ ಸಾಲದು. ಕಾಡು ಈರುಳ್ಳಿಗೆ ಏಪ್ರಿಲ್‌ನ ಸಂಜೆ, ಬಿಳಿ ಲಿಲ್ಲಿಗಳಿಗೆ ಮೃಗಶಿರ ಮಳೆಯ ಮೊದಲ ವಾರ, ಆರ್ಕಿಡ್ ಮತ್ತು ಗೌರಿ ಹೂವಿಗೆ ಶ್ರಾವಣ, ಭಾದ್ರಪದ. ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆ ನಿಮ್ಮೂರಿಗೆ ಬಂದರೆ, ವರದಿಯಲ್ಲಿ ಸಸ್ಯಗಳ ಪಟ್ಟಿ ಯಾವ ತಿಂಗಳಲ್ಲಿ ಮಾಡಿದ್ದು ಅಂತ ಮೊದಲು ಕೇಳಿ, ಆ ಪ್ರಶ್ನೆಯನ್ನೂ ನಿಮ್ಮ ಫೋಟೊಗಳನ್ನೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.